ಅಬ್ಬಿಗೆರೆಯ ಮನೆಗೊಂದು ಹಳೆಯ ರೈಫಲು

ಜಾಲಹಳ್ಳಿಯ ಗಂಗಮ್ಮ ವೃತ್ತವನ್ನು ದಾಟಿ, ವಾಯುಪಡೆಯ ಆವರಣದ ಉದ್ದನೆಯ ಗೋಡೆಯ ಪಕ್ಕದಲ್ಲಿ ಸಾಗಿ, ಕಮ್ಮಗೊಂಡನಹಳ್ಳಿಯನ್ನು ಹಿಂದಿಕ್ಕಿದರೆ ಅಬ್ಬಿಗೆರೆ ಎದುರಾಗುತ್ತದೆ. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವ ಈ ಊರು ಒಂದು ಕಾಲಕ್ಕೆ ಬೆಂಗಳೂರಿನಿಂದ ದೂರದ ಹಳ್ಳಿ. ಇಂದು ಅಲ್ಲಿ ಸಣ್ಣ ಕಾರ್ಖಾನೆಗಳ ಸದ್ದಿನ ನಡುವೆ ಮನೆಗೆ ಮನೆ ಅಂಟಿಕೊಂಡು ಎದ್ದಿದೆ. ಮೂವತ್ತು-ನಲವತ್ತರ ನಿವೇಶನ, ಒಬ್ಬರ ಅಡಿಗೆಮನೆಯ ಒಗ್ಗರಣೆಗೆ ನೆರೆಮನೆಯವರು ಸೀನುವಷ್ಟು ಸಾಮೀಪ್ಯ. 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಗೆ ಬಂದವು. ಅವುಗಳಲ್ಲಿಯೂ ವಾಯುಪಡೆಯಲ್ಲಿಯೂ ದುಡಿದು ನಿವೃತ್ತರಾದ ಅನೇಕರು ಈ ಸುತ್ತಿನಲ್ಲಿಯೇ ನೆಲೆಸಿದ್ದಾರೆ.

ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಮಾವನವರು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಸೇವೆ ಸಲ್ಲಿಸಿ ಬಂದವರು. ಅಳಿಯ ಖಾಸಗಿ ಕಂಪೆನಿಯೊಂದರ ಉದ್ಯೋಗಿ. ಮಗಳು, ಒಂಬತ್ತನೆಯ ತರಗತಿಯ ಮೊಮ್ಮಗ, ಇನ್ನೂ ಶಾಲೆಗೆ ಸೇರದ ಮೊಮ್ಮಗಳು. ಅಳಿಯನ ಮನಸ್ಸಿನಲ್ಲಿ ಕೆಲವು ವರ್ಷಗಳಿಂದ ಒಂದು ಆತಂಕ ಮನೆಮಾಡಿದೆ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಭೆಯಲ್ಲಿ ಬಸ್ಸುಗಳು ಉರಿದು, ನಗರದ ಹಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿದ್ದುದನ್ನು ಅವನು ಕಂಡಿದ್ದಾನೆ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಅಂಗಡಿಯ ಮುಂದೆ ಬಳಿದ ವೃತ್ತಗಳಲ್ಲಿ ಸಾಲುಗಟ್ಟಿ ನಿಂತಿದ್ದಾನೆ. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ನೀರಿನ ಟ್ಯಾಂಕರಿಗೆ ಹಗಲಿರುಳು ಫೋನು ಮಾಡಿದ್ದಾನೆ. ಇವೆಲ್ಲ ಒಮ್ಮೆಗೇ ಬಂದೆರಗಿದರೆ ಗತಿಯೇನೆಂಬ ಚಿಂತೆ ಅವನಿಗೆ.

ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮಾತು ಹೊರಬಿದ್ದಿತು.

“ಮಾವ, ಅಮೆರಿಕದಲ್ಲಿ ಕಷ್ಟಕಾಲಕ್ಕೆ ಇರಲಿ ಅಂತ ಜನ ಸೈನ್ಯದ ಹಳೆಯ ರೈಫಲುಗಳನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುತ್ತಾರೆ. ಇಲ್ಲಿಯೂ ಸೈನ್ಯದವರು ಹಳೆಯದನ್ನು ಮಾರಿಯೇ ಮಾರುತ್ತಾರಲ್ಲ? ಒಂದು ತಂದಿಟ್ಟರೆ ಹೇಗೆ? ನಿಮಗಂತೂ ಅದರ ಅಭ್ಯಾಸವಿದೆ.”

ಮಾವನವರು ಮೊಸರನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿದರು.

“ಅಳಿಯಂದಿರೇ, ಸೈನ್ಯದ ಹಳೆಯ ಜೀಪು ಮಾರುತ್ತಾರೆ, ಡೇರೆ ಮಾರುತ್ತಾರೆ, ಕಂಬಳಿ ಮಾರುತ್ತಾರೆ. ರೈಫಲು ಮಾರುವುದಿಲ್ಲ. ಆ ತ್ರೀ-ನಾಟ್-ತ್ರೀಯನ್ನು ನೀವು ಮನೆಯಲ್ಲಿಟ್ಟುಕೊಂಡರೆ, ಕಷ್ಟಕಾಲ ಬರುವುದಕ್ಕೆ ಮುಂಚೆ ಪೊಲೀಸರು ಬರುತ್ತಾರೆ.”

ಮಾವನವರ ಮಾತಿನಲ್ಲಿ ಅತಿಶಯವಿರಲಿಲ್ಲ. ಆದರೆ ಅಳಿಯನ ಪ್ರಶ್ನೆಯೂ ಅರ್ಥವಿಲ್ಲದ್ದಲ್ಲ. ಜಗತ್ತಿನ ಕೆಲವು ದೇಶಗಳಲ್ಲಿ ಕಿರಾಣಿ ಸಾಮಾನಿನಂತೆ ಮಾರಾಟವಾದ ವಸ್ತುವೊಂದು ಈ ದೇಶದಲ್ಲಿ ಗೃಹಸ್ಥನ ಕೈಗೆ ಏಕೆ ಎಟುಕುವುದಿಲ್ಲ ಎಂಬುದರ ಹಿಂದೆ ನೂರೈವತ್ತು ವರ್ಷಗಳಿಗೂ ಮೀರಿದ ಕಥೆಯಿದೆ. ಆ ಕಥೆಯ ಮುಖ್ಯವಾದ ಎರಡು ಅಧ್ಯಾಯಗಳು ನಡೆದುದು ಕನ್ನಡ ನಾಡಿನಲ್ಲಿ.

ಮೊದಲಿಗೆ ಆ ರೈಫಲಿನ ಪರಿಚಯ. ಅದರ ನಳಿಗೆಯ ಒಳ ಅಗಲ ಒಂದು ಅಂಗುಲದ ಸಾವಿರ ಪಾಲಿನಲ್ಲಿ 303 ಪಾಲು, ಎಂದರೆ ಸುಮಾರು 7.7 ಮಿಲಿಮೀಟರು, ಹೆಸರು ಬಂದುದು ಅದರಿಂದ. ಲೀ-ಎನ್‌ಫೀಲ್ಡ್ ಎಂಬುದು ಮನೆತನದ ಹೆಸರು. 1895ರಲ್ಲಿ ಬ್ರಿಟಿಷ್ ಸೇನೆಯನ್ನು ಸೇರಿ, 1907ರಲ್ಲಿ ಪ್ರಸಿದ್ಧವಾದ ರೂಪವನ್ನು ತಳೆಯಿತು. ತೂಕ ನಾಲ್ಕು ಕಿಲೋಗ್ರಾಮಿಗೆ ತುಸು ಕಡಿಮೆ. ಉದ್ದ ನಾಲ್ಕು ಅಡಿಗೆ ನಾಲ್ಕು ಅಂಗುಲ ಕಡಿಮೆ. ಹೊಟ್ಟೆಯಲ್ಲಿ ಹತ್ತು ತೋಟೆಗಳು. ಒಂದೊಂದು ಗುಂಡು ಹಾರಿದ ಮೇಲೂ ಬೋಲ್ಟನ್ನು ಮೇಲೆತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಕೆಳಗೆ ಒತ್ತಬೇಕು. ನುರಿತ ಸಿಪಾಯಿ ನಿಮಿಷಕ್ಕೆ ಹದಿನೈದು ಗುಂಡುಗಳನ್ನು ಗುರಿಯಿಟ್ಟು ಹಾರಿಸಬಲ್ಲವನಾಗಿದ್ದ. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ಈ ರೈಫಲು ಲಕ್ಷಗಟ್ಟಲೆ ತಯಾರಾಯಿತು. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಯೋಧರ ಹೆಗಲ ಮೇಲಿದ್ದುದು ಇದೇ. 1962ರಲ್ಲಿ ಹಿಮಾಲಯದ ಶೀತದಲ್ಲಿ ಚೀನೀಯರನ್ನು ಎದುರಿಸಿದಾಗಲೂ ಬಹುಮಂದಿಯ ಕೈಯಲ್ಲಿದ್ದುದು ಇದೇ. ಆ ಯುದ್ಧದ ತರುವಾಯ ಸೇನೆ ಇದನ್ನು ಕ್ರಮೇಣ ಕೆಳಗಿಟ್ಟಿತು, ಪೊಲೀಸರು ಎತ್ತಿಕೊಂಡರು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದುದು 2020ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ.

ಇಷ್ಟು ದೀರ್ಘಾಯುಷಿಯಾದ, ಗಟ್ಟಿಮುಟ್ಟಾದ ಆಯುಧದ ಮೇಲೆ ಗೃಹಸ್ಥನೊಬ್ಬನ ಕಣ್ಣು ಬಿದ್ದುದು ಆಶ್ಚರ್ಯವಲ್ಲ. ಆದರೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂದ 1959ರ ಶಸ್ತ್ರಾಸ್ತ್ರ ಕಾಯಿದೆಯೂ ಅದರ ನಿಯಮಗಳೂ .303 ಮತ್ತು 7.62 ಮಿಲಿಮೀಟರಿನ ರೈಫಲುಗಳನ್ನು, ಅಷ್ಟೇ ಅಲ್ಲ, ಸೇನೆಯ ಆ ತೋಟೆಗಳನ್ನು ತುಂಬಿ ಹಾರಿಸಬಹುದಾದ ಯಾವ ರೈಫಲನ್ನೇ ಆಗಲಿ, ನಿಷೇಧಿತ ವರ್ಗಕ್ಕೆ ಸೇರಿಸಿವೆ. ಅಂಥದಕ್ಕೆ ಪರವಾನಗಿ ಕೊಡುವ ಅಧಿಕಾರ ಬೆಂಗಳೂರಿನ ಪೊಲೀಸ್ ಕಮಿಷನರಿಗೂ ಇಲ್ಲ, ಜಿಲ್ಲಾಧಿಕಾರಿಗೂ ಇಲ್ಲ; ದೆಹಲಿಯ ಗೃಹ ಮಂತ್ರಾಲಯದ್ದು ಅದು. ಪರವಾನಗಿಯಿಲ್ಲದೆ ಇಟ್ಟುಕೊಂಡವನಿಗೆ 2019ರ ತಿದ್ದುಪಡಿಯ ಪ್ರಕಾರ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಹದಿನಾಲ್ಕು ವರ್ಷದವರೆಗೆ ಬೆಳೆಯಬಹುದಾದ ಸೆರೆವಾಸ. ಕಷ್ಟಕಾಲಕ್ಕೆಂದು ಕೂಡಿಟ್ಟ ವಸ್ತುವಿನಿಂದಲೇ ಬರಬಹುದಾದ ಕಷ್ಟ ಇಷ್ಟು ದೊಡ್ಡದು.

ಹಲಗಲಿಯೂ ಕೊಡಗೂ

ಪ್ರಜೆಯ ಕೈಯಲ್ಲಿ ಆಯುಧವಿರಬಾರದೆಂಬ ಆಲೋಚನೆ ಸ್ವತಂತ್ರ ಭಾರತ ಹೊಸದಾಗಿ ಮಾಡಿದುದಲ್ಲ. 1857ರಲ್ಲಿ ಉತ್ತರ ಭಾರತ ಹೊತ್ತಿಕೊಂಡಾಗ ಕಂಪೆನಿ ಸರಕಾರ ಅವಸರದಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯೊಂದನ್ನು ಹೊರಡಿಸಿತು. ಇದ್ದಬದ್ದ ಆಯುಧಗಳನ್ನೆಲ್ಲ ತಂದೊಪ್ಪಿಸಬೇಕೆಂಬ ಆಜ್ಞೆ ಮುಧೋಳ ಸಂಸ್ಥಾನದ ಹಲಗಲಿಯೆಂಬ ಹಳ್ಳಿಗೂ ಹೋಯಿತು. ಅಲ್ಲಿನ ಬೇಡರಿಗೆ ಕತ್ತಿ-ಕೋವಿಗಳು ಬೇಟೆಯ ಉಪಕರಣ, ಹೊಟ್ಟೆಪಾಡು, ಮರ್ಯಾದೆ ಎಲ್ಲವೂ ಆಗಿದ್ದವು. ಅವರು ಒಪ್ಪಲಿಲ್ಲ. 1857ರ ನವೆಂಬರಿನಲ್ಲಿ ಕಂಪೆನಿಯ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಹಲವರು ಹೋರಾಡುತ್ತ ಸತ್ತರು. ಸೆರೆಸಿಕ್ಕ ಹಲವರನ್ನು ಮರುತಿಂಗಳು ಗಲ್ಲಿಗೇರಿಸಿದರು. ಆ ದುರಂತವನ್ನು ಹಾಡಿದ ಲಾವಣಿಯನ್ನು ಫ್ಲೀಟ್ ಎಂಬ ಆಂಗ್ಲ ವಿದ್ವಾಂಸನೇ ಸಂಗ್ರಹಿಸಿ ಪ್ರಕಟಿಸಿದ. ಶಾಲೆಯ ಕನ್ನಡ ಪುಸ್ತಕದಲ್ಲಿ ಅದನ್ನು ಓದಿದ ವಾಚಕರಿಗೆ ಜಡಗ, ಬಾಲ ಎಂಬ ಹೆಸರುಗಳು ನೆನಪಿರಬಹುದು. ಪದ್ಯವನ್ನು ಬಾಯಿಪಾಠ ಮಾಡಿಸುವಾಗ, ಜಗಳ ಹುಟ್ಟಿದುದು ಒಂದು ಕಾನೂನಿನ ಮೇಲೆ ಎಂಬುದನ್ನು ಹೇಳುವ ಉಪಾಧ್ಯಾಯರು ಮಾತ್ರ ವಿರಳ.

ಇದಾಗಿ ನಾಲ್ಕು ವರ್ಷ ತುಂಬುವ ಮೊದಲೇ ಕನ್ನಡ ನಾಡಿನ ಇನ್ನೊಂದು ಮೂಲೆಯಲ್ಲಿ ಇದಕ್ಕೆ ತೀರ ವ್ಯತಿರಿಕ್ತವಾದುದು ನಡೆಯಿತು. 1861ರ ಫೆಬ್ರವರಿ 26ರಂದು ಮೈಸೂರು ಮತ್ತು ಕೊಡಗಿನ ಕಮಿಷನರ್ ಸರ್ ಮಾರ್ಕ್ ಕಬ್ಬನ್, ಬೆಂಗಳೂರಿನ ಉದ್ಯಾನಕ್ಕೆ ಹೆಸರಾದ ಅದೇ ಕಬ್ಬನ್, ಕೊಡಗಿನವರನ್ನು ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟು ಘೋಷಣೆ ಹೊರಡಿಸಿದ. ಅವರ ನಿಷ್ಠೆಗೂ ಶೌರ್ಯಕ್ಕೂ ಸಂದ ಮರ್ಯಾದೆಯೆಂದು ಅದರ ಧ್ವನಿ. ಒಂದೇ ಕಾನೂನು, ಆಳುವವರು ನಂಬದ ಜನಕ್ಕೆ ನೇಣು, ನಂಬಿದ ಜನಕ್ಕೆ ಗೌರವಪತ್ರ. 1878ರ ಶಸ್ತ್ರ ಕಾಯಿದೆಯ ನಿಯಮಗಳು ಐರೋಪ್ಯರಿಗೆಲ್ಲ ವಿನಾಯಿತಿ ಕೊಟ್ಟು, ಭಾರತೀಯನು ಮಾತ್ರ ತನ್ನ ನೆಲದಲ್ಲಿಯೇ ಅಪ್ಪಣೆ ಬೇಡುವಂತೆ ಮಾಡಿದವು. ಕಾಂಗ್ರೆಸಿನ ಆರಂಭದ ದಿನಗಳ ದೊಡ್ಡ ಅಸಮಾಧಾನಗಳಲ್ಲಿ ಇದೂ ಒಂದು.

ಕೊಡಗಿನ ವಿನಾಯಿತಿ ಇಂದಿಗೂ ನಡೆದುಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಒಂದು ರೈಫಲು, ಒಂದು ಬಂದೂಕು ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಪಿಸ್ತೂಲು, ರಿವಾಲ್ವರುಗಳಿಗೆ ಈ ಸೌಲಭ್ಯವಿಲ್ಲ. 2019ರಲ್ಲಿ ಕೇಂದ್ರ ಸರಕಾರ ಇದನ್ನು 2029ರವರೆಗೆ ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧವೆಂದು ಹೂಡಿದ ದಾವೆಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಕೊಡವರಿಗೆ ಕೋವಿ ಕಷ್ಟಕಾಲದ ಸರಕಲ್ಲ. ಮನೆಯ ಸದಸ್ಯನೆಂದರೂ ಸಲ್ಲುತ್ತದೆ. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು: ಕಣಿವೆಯ ಆಚೆಯವರಿಗೆ ಸುದ್ದಿ ಮುಟ್ಟುವುದು ಹೀಗೆ. ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಈಡು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಂದು ಕೋವಿಯನ್ನು ತೊಳೆದು, ಹೂವಿಟ್ಟು, ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಅಜ್ಜನಿಂದ ತಂದೆಗೆ, ತಂದೆಯಿಂದ ಮಗನಿಗೆ ಕೋವಿಯೊಂದಿಗೆ ಅದನ್ನು ಹಿಡಿಯುವ ಶಿಸ್ತೂ ಬರುತ್ತದೆ. ಅಂಗಡಿಯಿಂದ ಕೊಂಡು ತರಲಾಗದ ಭಾಗ ಅದೇ.

ಜಾಲಹಳ್ಳಿಗೆ ಬಂದ ಇಟಲಿಯವರು

ತ್ರೀ-ನಾಟ್-ತ್ರೀಯ ವಿಷಯದಲ್ಲಿ ಆಂಗ್ಲ ಸರಕಾರದ ಭಯ ಇನ್ನಷ್ಟು ಸೂಕ್ಷ್ಮವಾಗಿತ್ತು. ಬಂದೂಕನ್ನು ಕದಿಯಬಹುದು, ಆದರೆ ತೋಟೆ ಸಿಗದಿದ್ದರೆ ಬಂದೂಕು ಒನಕೆಗೆ ಸಮಾನ. ಆದುದರಿಂದ ಸೇನೆಯ ತೋಟೆ ಹೊಂದುವ ಬಂದೂಕು ಖಾಸಗಿಯವರಲ್ಲಿ ಇರಕೂಡದೆಂದು ಅದು ನಿರ್ಧರಿಸಿತು. 1907ರಲ್ಲಿ .450 ಅಳತೆಯ ಬೇಟೆಯ ರೈಫಲುಗಳಿಗೂ ಭಾರತದಲ್ಲಿ ಬಾಗಿಲು ಮುಚ್ಚಿತು. ಲಂಡನ್ನಿನ ಬಂದೂಕು ತಯಾರಕರು ಕೂಡಲೇ ತುಸು ಬೇರೆ ಅಳತೆಯ.470 ಮುಂತಾದುವನ್ನು ಸೃಷ್ಟಿಸಿ ಮಹಾರಾಜರ ಹಾಗೂ ಬೇಟೆಗಾರರ ಕೈಗಿತ್ತರು. ತೇಜಸ್ವಿಯವರ ಕನ್ನಡದಲ್ಲಿ ಮನೆಮಾತಾದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಅಲೆದುದು ಅಮೆರಿಕದ .405 ವಿಂಚೆಸ್ಟರ್ ಹಿಡಿದು. ತನ್ನ ಕಡೆಯ ಪೊಲೀಸರನ್ನೂ ಸರಕಾರ ಪೂರ್ತಿ ನಂಬಲಿಲ್ಲವೆನ್ನಬೇಕು. ಲೀ-ಎನ್‌ಫೀಲ್ಡಿನ ನಳಿಗೆಯ ಒಳಗಣ ಸುರುಳಿಗೆರೆಗಳನ್ನು ಹೆರೆದು ತೆಗೆದು, ಒಮ್ಮೆಗೆ ಒಂದೇ ತೋಟೆ ಹಿಡಿಯುವಂತೆ ಮಾಡಿ, .410 ಮಸ್ಕೆಟ್ ಎಂಬ ಹೆಸರಿನಲ್ಲಿ ಪೊಲೀಸರಿಗೂ ಸೆರೆಮನೆಯ ಕಾವಲುಗಾರರಿಗೂ ಹಂಚಿತು.

ಇತ್ತ ಹೊರಜಗತ್ತಿನಲ್ಲಿ ನಡೆದುದು ಬೇರೆಯೇ. ಅದರ ಒಂದು ಎಳೆ ಜಾಲಹಳ್ಳಿಯನ್ನೇ ಹಾದುಹೋಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಸೆರೆಸಿಕ್ಕ ಇಟಲಿಯ ಸಾವಿರಾರು ಸೈನಿಕರನ್ನು ಬೆಂಗಳೂರಿನ ಸುತ್ತ ಶಿಬಿರಗಳಲ್ಲಿ ಇರಿಸಿದ್ದರು. ಜಾಲಹಳ್ಳಿಯಲ್ಲಿಯೂ ಒಂದು ಶಿಬಿರವಿತ್ತು. ಅವರು ಮರಳಿನಲ್ಲಿ ಕೆಳಗಿಟ್ಟು ಬಂದ ರೈಫಲಿನ ಹೆಸರು ಕಾರ್ಕಾನೊ. 1891ರ ವಿನ್ಯಾಸದ ಇಟಲಿಯ ಸೇನೆಯ ಆಯುಧ. ಯುದ್ಧ ಮುಗಿದ ಮೇಲೆ ಯುರೋಪಿನ ಉಗ್ರಾಣಗಳಲ್ಲಿ ಕಾರ್ಕಾನೊ, ಜರ್ಮನಿಯ ಮೌಸರ್, ಬ್ರಿಟನ್ನಿನ ಲೀ-ಎನ್‌ಫೀಲ್ಡುಗಳು ರಾಶಿ ರಾಶಿಯಾಗಿ ಉಳಿದವು. ಅಮೆರಿಕದ ವ್ಯಾಪಾರಿಗಳು ಅವನ್ನು ಸಗಟಾಗಿ ಕೊಂಡು, ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಅಂಚೆಯ ಮೂಲಕ ಮನೆಮನೆಗೆ ಕಳಿಸಿದರು. 1963ರಲ್ಲಿ ಒಬ್ಬ ಯುವಕ ಸುಳ್ಳು ಹೆಸರಿನಲ್ಲಿ ಕೂಪನ್ ಕಳಿಸಿ, ದುರ್ಬೀನು ಸಹಿತವಾಗಿ 19 ಡಾಲರ್ 95 ಸೆಂಟಿಗೆ ಒಂದು ಕಾರ್ಕಾನೊ ತರಿಸಿದ. ಅದೇ ವರ್ಷ ನವೆಂಬರ್ 22ರಂದು ಡಲ್ಲಾಸಿನಲ್ಲಿ ಅಧ್ಯಕ್ಷ ಕೆನೆಡಿಯನ್ನು ಬಲಿತೆಗೆದುಕೊಂಡ ರೈಫಲು ಅದು. ಅಂಚೆಯ ಬಂದೂಕು ವ್ಯಾಪಾರ ಅಲ್ಲಿ ನಿಂತುದು 1968ರಲ್ಲಿ. ಆದರೂ ಅಂಗಡಿಯಲ್ಲಿ ಕೊಳ್ಳುವ ಹಕ್ಕು ಉಳಿಯಿತು. ಇಷಾಪುರದಲ್ಲಿ ತಯಾರಾಗಿ ಭಾರತೀಯ ಗೃಹಸ್ಥನಿಗೆ ನಿಷಿದ್ಧವಾದ ರೈಫಲುಗಳೇ ಮುಂದೆ ಸಮುದ್ರ ದಾಟಿ ಅಮೆರಿಕದ ಗೃಹಸ್ಥರ ಗೋಡೆ ಸೇರಿದವು. ಅಳಿಯ ಕೇಳಿದ ಸುದ್ದಿಯಲ್ಲಿ ಅಷ್ಟು ನಿಜವುಂಟು.

ಸ್ವಿಟ್ಜರ್ಲೆಂಡಿನ ಮಾತು ಬೇರೆ. ಅಲ್ಲಿ ಯೋಧನು ತನ್ನ ರೈಫಲನ್ನು ಮನೆಯಲ್ಲಿಟ್ಟುಕೊಳ್ಳಬಹುದು. ಸೇವೆ ಮುಗಿದಾಗ ಹಣ ತೆತ್ತು ತನ್ನದಾಗಿಸಿಕೊಳ್ಳಲೂಬಹುದು. ಆದರೆ ರೈಫಲಿಗಿಂತ ಮೊದಲು ಅವನಿಗೆ ಸೇನೆಯ ಶಿಕ್ಷಣವಾಗಿರುತ್ತದೆ. 2007ರಿಂದ ಸೇನೆಯ ತೋಟೆಗಳನ್ನು ಮನೆಯಲ್ಲಿಡುವ ಪದ್ಧತಿಯನ್ನೂ ಅವರು ಕೈಬಿಟ್ಟರು.

ಉಳಿದ ಆಯ್ಕೆ

ಹಾಗಾದರೆ ಅಬ್ಬಿಗೆರೆಯ ಗೃಹಸ್ಥನ ಮುಂದೆ ಉಳಿದಿರುವುದೇನು? ತ್ರೀ-ನಾಟ್-ತ್ರೀಯ ಸಂಬಂಧಿಯೊಂದು ಕಾನೂನಿನ ಒಳಗೇ ಉಂಟು. ಅದು .315 ಸ್ಪೋರ್ಟಿಂಗ್ ರೈಫಲು. ಸೇನೆಯ ತೋಟೆ ನಿಷಿದ್ಧವಾದುದರಿಂದ, ಆಸ್ಟ್ರಿಯದ ಹಳೆಯ ಮ್ಯಾನ್ಲಿಷರ್ ರೈಫಲಿನ ಎಂಟು ಮಿಲಿಮೀಟರಿನ ತೋಟೆಯನ್ನು ಆರಿಸಿಕೊಂಡು, ಲೀ-ಎನ್‌ಫೀಲ್ಡಿನ ಯಂತ್ರವನ್ನೇ ಅದಕ್ಕೆ ಅಳವಡಿಸಿ ಮಾಡಿದ ಆಯುಧ. ಐದು ತೋಟೆಗಳನ್ನು ಹಿಡಿಯುತ್ತದೆ. ಮುಖಲಕ್ಷಣ ನೋಡಿದರೆ ಒಂದೇ ಮನೆಯ ಅಣ್ಣ-ತಮ್ಮಂದಿರೆಂದು ಯಾರೂ ಹೇಳಿಯಾರು. ಸರಕಾರಿ ಶಸ್ತ್ರ ಕಾರ್ಖಾನೆಗಳು ಇದನ್ನು ದಶಕಗಳ ಕಾಲ ನಾಗರಿಕರಿಗಾಗಿ ತಯಾರಿಸಿವೆ. 2021ರಲ್ಲಿ ಆ ಕಾರ್ಖಾನೆಗಳನ್ನು ಏಳು ಕಂಪೆನಿಗಳಾಗಿ ವಿಂಗಡಿಸಿದ ಮೇಲೆ ಬಂದೂಕಿನ ಕೆಲಸ ಕಾನ್ಪುರದಲ್ಲಿ ಕೇಂದ್ರವಿರುವ ಕಂಪೆನಿಯ ಪಾಲಿಗೆ ಬಂದಿತು. ಇನ್ನೊಂದು, ಹಳ್ಳಿಯವರಿಗೂ ಪರಿಚಿತವಾದ 12 ಬೋರಿನ ಒಂಟಿನಳಿಗೆ ಅಥವಾ ಜೋಡುನಳಿಗೆಯ ಬಂದೂಕು. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಮಾಡಿದರೆ, ಅವುಗಳಲ್ಲಿ ಒಂದು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆಯೆಂದು ಈ ಹನ್ನೆರಡರ ಅರ್ಥ. ಚರೆಗಳನ್ನು ಎರಚುವ ಬಂದೂಕಿದು. ನಲವತ್ತು ಗಜದಾಚೆ ಇದರ ಪರಾಕ್ರಮ ಕುಗ್ಗುತ್ತದೆ.

ಹಳೆಯದನ್ನು ಕೊಳ್ಳುವವರೂ ಇದ್ದಾರೆ. 1980ರ ದಶಕದಲ್ಲಿ ಖಾಸಗಿ ಆಮದು ನಿಂತಂದಿನಿಂದ ಹಳೆಯ ವಿದೇಶೀ ಬಂದೂಕುಗಳಿಗೆ ಚಿನ್ನದ ಬೆಲೆ. ಮಾವನವರಂತೆ ಬಲ್ಲವರು ಮೊದಲು ನೋಡುವುದು ಮರದ ಹೊಳಪನ್ನಲ್ಲ, ನಳಿಗೆಯ ಒಳಗನ್ನು. ಬೋಲ್ಟು ತೆಗೆದು ಬೆಳಕಿಗೆ ಹಿಡಿದರೆ ಒಳಗಣ ಗೆರೆಗಳು ಕನ್ನಡಿಯಂತೆ ಹೊಳೆಯಬೇಕು. ಸಿಡುಬಿನ ಕಲೆಯಂಥ ಗುಳಿಗಳಿದ್ದರೆ ಗುಂಡು ಹೇಳಿದಲ್ಲಿಗೆ ಹೋಗದು. ಹಳೆಯ ಕಾಲದ ತೋಟೆಗಳ ಕೇಪಿನಲ್ಲಿದ್ದ ರಾಸಾಯನಿಕ ಸುಟ್ಟು ಉಪ್ಪಾಗಿ ನಳಿಗೆಯೊಳಗೆ ಅಂಟಿ, ಗಾಳಿಯ ತೇವವನ್ನು ಹೀರಿ, ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತಿತ್ತು. ಅದಕ್ಕಾಗಿಯೇ ಸಿಪಾಯಿಗಳು ಗುಂಡು ಹಾರಿಸಿದ ದಿನ ನಳಿಗೆಗೆ ಕುದಿನೀರು ಹೊಯ್ಯುತ್ತಿದ್ದರು. ಬೋಲ್ಟಿನ ಮೇಲಿನ ಸಂಖ್ಯೆಯೂ ದೇಹದ ಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ ಯಾವುದೋ ಬಂದೂಕಿನ ಬೋಲ್ಟನ್ನು ಯಾವುದಕ್ಕೋ ತೊಡಿಸಿದ್ದಾರೆಂದು ತಿಳಿದು, ತೋಟೆ ಕೂರುವ ಅಂತರವನ್ನು ಬಲ್ಲ ಕಮ್ಮಾರನಿಂದ ಅಳೆಯಿಸದೆ ಹಾರಿಸಬಾರದು. ಉಕ್ಕು-ಕಬ್ಬಿಣದ ಪಟ್ಟಿಗಳನ್ನು ಹೆಣೆದು ಮಾಡಿದ, ಮೈಮೇಲೆ ಅಲೆಯಲೆಯಾದ ಚಿತ್ತಾರವಿರುವ ಹಳೆಯ ಜೋಡುನಳಿಗೆಗಳು ನೋಡಲು ಸೊಗಸು. ಆದರೆ ಅವು ಕರಿಮದ್ದಿನ ಕಾಲದವು. ಈಗಿನ ತೋಟೆಯ ಒತ್ತಡಕ್ಕೆ ಅವು ಬಿರಿದು ಕೈಯನ್ನೇ ಕೊಂಡೊಯ್ಯಬಹುದು. ಅವುಗಳ ಸ್ಥಾನ ಗೋಡೆ. ಇಷ್ಟೆಲ್ಲ ನೋಡಿಯೂ ಆ ಅಳತೆಯ ತೋಟೆ ಊರಿನ ಅಂಗಡಿಯಲ್ಲಿ ಸಿಗುವುದೇ ಎಂದು ವಿಚಾರಿಸದವನ ಜಾಣತನ ಅರ್ಧ ಜಾಣತನ.

ಇಷ್ಟಕ್ಕೂ ಮುಂಚೆ ಪರವಾನಗಿ. ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರಿಗೆ ಅರ್ಜಿ. ವಯಸ್ಸು 21 ತುಂಬಿರಬೇಕು. ಪೊಲೀಸರ ವಿಚಾರಣೆ, ಶಸ್ತ್ರವನ್ನು ಬಳಸುವ ಶಿಕ್ಷಣ ಪಡೆದುದಕ್ಕೆ ಪ್ರಮಾಣಪತ್ರ, ಮನೆಯಲ್ಲಿ ಅದನ್ನು ಭದ್ರವಾಗಿಡುವ ಏರ್ಪಾಡು. 2019ರಿಂದ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಆಯುಧ ಇಲ್ಲ. ಪರವಾನಗಿಯ ಅವಧಿ ಐದು ವರ್ಷ. ಎಲ್ಲಕ್ಕಿಂತ ಕಠಿಣವಾದುದು ‘ಏಕೆ ಬೇಕು?’ ಎಂಬ ಪ್ರಶ್ನೆ. ‘ಕಾಲ ಕೆಡಬಹುದು’ ಎಂಬುದು ಅಧಿಕಾರಿಯ ಮುಂದೆ ನಿಲ್ಲುವ ಉತ್ತರವಲ್ಲ. ತನ್ನ ಜೀವಕ್ಕೆ ಅಪಾಯವಿದೆಯೆಂದು ಅರ್ಜಿದಾರ ತೋರಿಸಿಕೊಡಬೇಕು.

ಆ ಪ್ರಶ್ನೆಗೆ ತಟ್ಟನೆ ಉತ್ತರ ಹೇಳಬಲ್ಲವರೂ ನಾಡಿನಲ್ಲಿದ್ದಾರೆ. ಮಲೆನಾಡಿನ, ದಕ್ಷಿಣ ಕನ್ನಡದ ಅಡಿಕೆ ತೋಟದವನಿಗೆ ಹಂದಿ-ಮಂಗಗಳ ಕಾಟ. ಬೆಳೆ ರಕ್ಷಣೆಗೆಂದೇ ಪರವಾನಗಿಯುಂಟು. ಅವನೂ 1972ರ ವನ್ಯಜೀವಿ ಕಾಯಿದೆಗೆ ಅಂಜಿ, ಬಹುಪಾಲು ಬೆದರುಗುಂಡಿನಲ್ಲಿಯೇ ತೃಪ್ತನಾಗಬೇಕು. ಸೇನೆಯಿಂದ ನಿವೃತ್ತನಾಗಿ ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಲ್ಲುವವನಿಗೆ ಸ್ವಂತದ ಜೋಡುನಳಿಗೆಯೇ ಸಂಬಳ ತರುವ ಹಸು. ಚುನಾವಣೆ ಬಂದಿತೆಂದರೆ ಪರವಾನಗಿಯುಳ್ಳವರು ಬಂದೂಕನ್ನು ಠಾಣೆಗೋ ಅಧಿಕೃತ ಅಂಗಡಿಗೋ ಒಪ್ಪಿಸಿ ರಸೀತಿ ಪಡೆಯಬೇಕೆಂಬ ಆಜ್ಞೆ ಹೊರಡುತ್ತದೆ. ಬ್ಯಾಂಕಿನ ಕಾವಲಿನವರಿಗೆ ವಿನಾಯಿತಿ ಸಿಗುತ್ತದೆ. ರೈತ ಮಾತ್ರ ಪ್ರತಿ ಬಾರಿಯೂ ಗೊಣಗುತ್ತಾನೆ. ಕಾಡುಹಂದಿಗೆ ಚುನಾವಣೆಯ ನೀತಿಸಂಹಿತೆ ಅನ್ವಯಿಸುವುದಿಲ್ಲವೆಂಬ ಅವನ ಮಾತಿನಲ್ಲಿ ನ್ಯಾಯವಿದೆ. ಅಳಿಯ ಗಮನಿಸಬೇಕಾದ ಅಂಶವೂ ಇಲ್ಲಿದೆ: ಊರು ಕದಡುವ ಸೂಚನೆ ಕಂಡೊಡನೆ ಸರಕಾರ ಮೊದಲು ಕೇಳುವುದು ಪರವಾನಗಿಯ ಬಂದೂಕನ್ನೇ. ಬೇಕೆಂದ ದಿನ ಅದು ಠಾಣೆಯ ಕೋಣೆಯಲ್ಲಿರುವ ಸಂಭವವೇ ಹೆಚ್ಚು.

ಅಡಿಗೆಮನೆಯಿಂದ ಬಂದ ಮಾತು

ಊಟ ಮುಗಿದ ಮೇಲೂ ಚರ್ಚೆ ಮುಗಿಯಲಿಲ್ಲ. ಮಾವನವರು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ತ್ರೀ-ನಾಟ್-ತ್ರೀಯ ಗುಂಡು ನಳಿಗೆಯಿಂದ ಹೊರಡುವುದು ಸೆಕೆಂಡಿಗೆ ಸುಮಾರು 740 ಮೀಟರ್ ವೇಗದಲ್ಲಿ. ಅದರ ಗುರಿಪಟ್ಟಿಯ ಮೇಲೆ ಎರಡು ಸಾವಿರ ಗಜದವರೆಗೆ ಗೆರೆ ಕೊರೆದಿದ್ದಾರೆ. .315 ಅಷ್ಟು ಬಿರುಸಲ್ಲ; ಆದರೂ ರೈಫಲು ರೈಫಲೇ.

“ನಮ್ಮ ಗೋಡೆ ನಾಲ್ಕಂಗುಲದ ಸಿಮೆಂಟು ಇಟ್ಟಿಗೆಯದು, ಅಳಿಯಂದಿರೇ. ಕತ್ತಲೆಯಲ್ಲಿ ಕಳ್ಳನೆಂದು ಹೊಡೆದ ಗುಂಡು ಕಿಟಕಿ ದಾಟಿದರೆ ಎದುರುಮನೆಯಲ್ಲಿ ಮಲಗಿದವರು ಯಾರು ಎಂದು ಕೇಳಿಕೊಂಡು ಹೋಗುವುದಿಲ್ಲ. ಸೈನ್ಯದಲ್ಲಿ ನಮಗೆ ಗುಂಡು ಹೊಡೆಯಲು ಕಲಿಸುವುದಕ್ಕೆ ಮುಂಚೆ, ಗುರಿಯ ಹಿಂದೆ ಮಣ್ಣುದಿಬ್ಬ ಇದೆಯೇ ನೋಡುವುದನ್ನು ಕಲಿಸಿದರು. ಅಬ್ಬಿಗೆರೆಯಲ್ಲಿ ಮಣ್ಣುದಿಬ್ಬ ಎಲ್ಲಿದೆ?”

ಕಾನೂನೂ ಅವರ ಪರವೇ. ಆತ್ಮರಕ್ಷಣೆಯ ಹಕ್ಕನ್ನು 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಹಿಂದಿನಂತೆಯೇ ಉಳಿಸಿಕೊಂಡಿದೆ; ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲು ಆ ಹಕ್ಕು ವಿಸ್ತರಿಸದು. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹೊಡೆದ ಗುಂಡಿಗೆ ಹೊಡೆದವನು ಲೆಕ್ಕ ಕೊಡಬೇಕು.

ಪಾತ್ರೆ ತೊಳೆಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಗಳು ಸೆರಗಿಗೆ ಕೈಯೊರೆಸಿಕೊಂಡು ಬಂದು ನಿಂತಳು.

“ಅಪ್ಪ, ಬಂದೂಕು ಬೀಗದೊಳಗೆ, ತೋಟೆ ಇನ್ನೊಂದು ಬೀಗದೊಳಗೆ, ಬೀಗದಕೈ ಮಗುವಿನ ಕೈಗೆ ಸಿಗದ ಕಡೆ. ಹೀಗೆ ತಾನೆ ಇಡಬೇಕಾದದ್ದು? ರಾತ್ರಿ ಕಳ್ಳ ಬಂದಾಗ ಇವರು ಕನ್ನಡಕ ಹುಡುಕಿ, ಬೀಗದಕೈ ಹುಡುಕಿ, ಎರಡು ಬೀಗ ತೆಗೆಯುವಷ್ಟರಲ್ಲಿ ಅವನು ಕಾಫಿ ಕುಡಿದು ಹೋಗಿರುತ್ತಾನೆ. ಬೀಗ ಹಾಕದೆ ಇಟ್ಟರೆ ನಾನು ಈ ಮನೆಯಲ್ಲಿ ನಿದ್ದೆ ಮಾಡುವುದಿಲ್ಲ.”

ಅಳಿಯ ನಗಲಿಲ್ಲ. ಮಗಳು ಮುಂದುವರಿಸಿದಳು: “ಹೋದ ಬೇಸಗೆಯಲ್ಲಿ ನಮ್ಮನ್ನು ಕಾಪಾಡಿದ್ದು ಎದುರುಮನೆಯ ಅಜ್ಜಿಯ ಸಂಪು. ನಮ್ಮ ಸಂಪಿಗೆ ಇನ್ನೂ ಎರಡು ಸಾವಿರ ಲೀಟರು ಹಿಡಿಯುವ ಹಾಗೆ ಮಾಡಿಸೋಣ ಎಂದು ಎಷ್ಟು ಸಲ ಹೇಳಿಲ್ಲ? ನಿಮ್ಮ ಬಿ.ಪಿ. ಮಾತ್ರೆ ಮನೆಯಲ್ಲಿ ನಾಲ್ಕು ದಿನಕ್ಕೆ ಇದೆ, ಅಪ್ಪ. ಲಾಕ್‌ಡೌನಿನಲ್ಲಿ ಅದಕ್ಕೇ ಅಲ್ಲವೇ ಯಶವಂತಪುರದವರೆಗೆ ಅಲೆದದ್ದು?”

ಮಾತು ಅಲ್ಲಿಗೆ ನಿಂತಿತು. ಮರುದಿನ ಅಳಿಯ ಗಾರೆ ಮೇಸ್ತ್ರಿಗೆ ಫೋನು ಮಾಡಿದುದನ್ನು ಮಾವನವರು ಕೇಳಿಸಿಕೊಂಡರು; ಪರವಾನಗಿಯ ಅರ್ಜಿಯನ್ನೂ ಅವನು ತಂದಿಟ್ಟಿದ್ದುದನ್ನು ಮಗಳು ಮೇಜಿನ ಖಾನೆಯಲ್ಲಿ ನೋಡಿದಳು. ಯಾರೂ ಏನೂ ಹೇಳಲಿಲ್ಲ.

ಅದಾಗಿ ಕೆಲವು ವಾರಗಳ ಮೇಲೆ ಶನಿವಾರ ಮಧ್ಯಾಹ್ನ ಮೊಮ್ಮಗ ಎನ್.ಸಿ.ಸಿ. ಸಮವಸ್ತ್ರದಲ್ಲಿ ಬೆವರಿಳಿಸುತ್ತ ಒಳಗೆ ಬಂದ.

“ತಾತ, ಇವತ್ತು ನಮಗೆ ರೈಫಲ್ ಡ್ರಿಲ್! ಎಷ್ಟು ಭಾರ ಗೊತ್ತಾ? ಹೆಗಲೇ ಬಿದ್ದುಹೋಯಿತು.”

“ಯಾವ ರೈಫಲೋ?”

“ತ್ರೀ-ನಾಟ್-ತ್ರೀ ಅಂತೆ.”

ಅಳಿಯ ಪತ್ರಿಕೆಯಿಂದ ತಲೆಯೆತ್ತಿದ. ಮಾವನವರ ಮುಖ ಅರಳಿತು. ಸೇನೆಯಿಂದ ನಿವೃತ್ತವಾದ ರೈಫಲುಗಳಲ್ಲಿ ಕೆಲವಕ್ಕೆ ನಳಿಗೆಯಲ್ಲಿ ರಂಧ್ರ ಕೊರೆದು, ಗುಂಡು ಹಾರದಂತೆ ಮಾಡಿ, ‘ಡಿ.ಪಿ.’ ಎಂದು ಗುರುತು ಹಾಕಿ, ಹುಡುಗರ ಕವಾಯತಿಗೆ ಕೊಡುವುದುಂಟು.

“ನಳಿಗೆಯಲ್ಲಿ ತೂತು ಇತ್ತೇನೋ?”

“ಇತ್ತು ತಾತ. ಏಕೆ?”

ಮಾವನವರು ಉತ್ತರ ಹೇಳದೆ ಒಳಗೆ ಹೋಗಿ ಜೇಡ ಹೊಡೆಯುವ ಉದ್ದನೆಯ ಕೋಲನ್ನು ತಂದರು. ಹುಡುಗನನ್ನು ಅಂಗಳದಲ್ಲಿ ನೇರವಾಗಿ ನಿಲ್ಲಿಸಿ, ಮೊಣಕೈಯನ್ನು ಪಕ್ಕೆಗೆ ಒತ್ತಿಸಿ, “ಬಗಲ್ ಶಸ್ತ್ರ” ಎಂದು ಕೂಗಿದರು. ಎದುರುಮನೆಯ ಅಜ್ಜಿ ಬಾಗಿಲಿಗೆ ಬಂದು ನೋಡತೊಡಗಿದರು.